ಐಡ್ಲಿಂಗ್ ಹದ ತಪ್ಪಿದ ಕಾರಿನಲ್ಲಿ ವ್ಯಾಕ್ಯೂಮ್ ಲೀಕ್: ಕೊಡಗಿನ ಎತ್ತರಕ್ಕೆ ತಕ್ಕ ಪರೀಕ್ಷೆ ಮತ್ತು ರಿಪೇರಿ

ಇಂಜಿನ್ ಬಿಸಿಯಾದ ಮೇಲೂ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿರುವಾಗಿನ ಓಟ) ಸಾವಿರ ಆರ್‌ಪಿಎಂ ಮೇಲೇ ನಿಂತಿದೆ, ಇಲ್ಲವೇ ಒಂದೇ ಸಮ ಏರಿ ಇಳಿಯುತ್ತಿದೆ. ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದಲ್ಲಿ ಕ್ಲಚ್ ಒತ್ತಿದ ಕೂಡಲೇ ಗಾಡಿ ಆಫ್ ಆಗುತ್ತದೆ. ಬಾನೆಟ್ ಎತ್ತಿದರೆ ಎಲ್ಲಿಂದಲೋ ಸಣ್ಣಗೆ ‘ಸುಸ್’ ಎನ್ನುವ ಸದ್ದು. ಪೆಟ್ರೋಲ್ ಕಾರಿನಲ್ಲಿ ಇವು ಕಂಡಾಗ ಪ್ಲಗ್, ಕಾಯಿಲ್, ಫ್ಯುಯೆಲ್ ಪಂಪ್ ಎಂದು ಒಂದೊಂದನ್ನೇ ಬದಲಾಯಿಸುವ ಮೊದಲು ವ್ಯಾಕ್ಯೂಮ್ ಲೀಕ್ ಇದೆಯೇ ಎಂದು ನೋಡಬೇಕು. ಅನೇಕ ಸಲ ಇಷ್ಟೆಲ್ಲ ತೊಂದರೆಗೆ ಕಾರಣ ಗೇಣುದ್ದದ ಒಂದು ರಬ್ಬರ್ ಪೈಪು. ಅದನ್ನು ಹುಡುಕಲು ತಾಳ್ಮೆ ಬೇಕು, ದುಡ್ಡು ಅಷ್ಟಾಗಿ ಬೇಡ.

ಐಡ್ಲಿಂಗ್‌ನಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನ್‌ಗಳು ಗಾಳಿಯನ್ನು ಎಳೆಯುತ್ತಲೇ ಇರುತ್ತವೆ, ಬರುವ ದಾರಿ ಮಾತ್ರ ಕಿರಿದು. ಹಾಗಾಗಿ ಥ್ರಾಟಲ್‌ನಿಂದ ಆಚೆ, ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಳಗೆ ಬಲವಾದ ಸೆಳೆತ ಉಂಟಾಗುತ್ತದೆ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್, ಇಂಜಿನ್ನಿನ ತಳಭಾಗದ ಆವಿಯನ್ನು ಮತ್ತೆ ಒಳಗೆಳೆಯುವ ಪಿಸಿವಿ ವಾಲ್ವ್, ಪೆಟ್ರೋಲ್ ಆವಿಯ ಪರ್ಜ್ ವಾಲ್ವ್, ಹಳೆಯ ಗಾಡಿಗಳ ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್ ಎಲ್ಲವೂ ಕೆಲಸ ಮಾಡುವುದು ಈ ಸೆಳೆತದಿಂದಲೇ. ಇವುಗಳ ಪೈಪಿನಲ್ಲೋ ಪ್ಯಾಕಿಂಗಿನಲ್ಲೋ ಬಿರುಕು ಬಿಟ್ಟರೆ ಥ್ರಾಟಲ್ ದಾಟದ ಕಳ್ಳಗಾಳಿ ಒಳಗೆ ಸೇರುತ್ತದೆ. 4 ಮಿ.ಮೀ. ಒಳವ್ಯಾಸದ ಒಂದು ಪೈಪು ಪೂರ್ತಿ ಕಳಚಿದರೆ, 800 ಸಿಸಿಯ ಇಂಜಿನ್ ಐಡ್ಲಿಂಗ್‌ನಲ್ಲಿ ಒಟ್ಟು ಸೇದುವಷ್ಟೇ ಗಾಳಿ ಸರಿಸುಮಾರು ಅದರಿಂದಲೇ ನುಗ್ಗಬಲ್ಲದು. ಅದೇ ತೂತು 3,000 ಆರ್‌ಪಿಎಂನಲ್ಲಿ, ಥ್ರಾಟಲ್ ತೆರೆದಿರುವಾಗ, ಲೆಕ್ಕಕ್ಕೇ ಬರುವುದಿಲ್ಲ. ಘಾಟಿ ಏರುವಾಗ ಚೆನ್ನಾಗಿ ಎಳೆಯುವ ಗಾಡಿ ನಿಂತಾಗ ಮಾತ್ರ ನಡುಗಿದರೆ ಅನುಮಾನ ಲೀಕ್ ಕಡೆಗೆ ಹೋಗಬೇಕು. ನಿಂತಾಗ ಸರಿಯಿದ್ದು ಏರಿನಲ್ಲಿ ಸೋಲುವ ಗಾಡಿಯ ರೋಗವೇ ಬೇರೆ: ಫ್ಯುಯೆಲ್ ಫಿಲ್ಟರ್, ಪಂಪಿನ ಒತ್ತಡ, ಕ್ಲಚ್.

ನಿಮ್ಮ ಗಾಡಿ ಗಾಳಿಯನ್ನು ಅಳೆಯುವ ಬಗೆ

ಇದನ್ನು ತಿಳಿಯದೆ ಹುಡುಕಲು ಹೋದರೆ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ಓದುಗಳನ್ನೂ ದೋಷದ ಕೋಡುಗಳನ್ನೂ ತೋರಿಸುವ ಸಾಧನ) ದಾರಿ ತಪ್ಪಿಸುತ್ತದೆ.

ಕಾರ್ಬೊರೇಟರ್ ಇರುವ ಹಳೆಯ 800, ಓಮ್ನಿ, ಜಿಪ್ಸಿಗಳಲ್ಲಿ ಕಳ್ಳಗಾಳಿ ಸೇರಿದರೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಗಾಡಿ ನಡುಗುತ್ತದೆ, ಚೋಕ್ ಎಳೆದಿಟ್ಟರೆ ಮಾತ್ರ ಆಫ್ ಆಗದೆ ಓಡುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟ್ ಪಟ್ ಎನ್ನುತ್ತದೆ.

ಮ್ಯಾಫ್ ಸೆನ್ಸರ್ ಇರುವ ಗಾಡಿಗಳಲ್ಲಿ ಏರ್ ಫಿಲ್ಟರಿನ ಬಳಿ ಹರಿಯುವ ಗಾಳಿಯನ್ನೇ ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡಲಾಗುತ್ತದೆ. ಲೀಕ್‌ನಿಂದ ಬಂದ ಗಾಳಿ ಲೆಕ್ಕಕ್ಕೆ ಸಿಗದೆ ಮಿಶ್ರಣ ತೆಳುವಾಗುತ್ತದೆ, ಆಕ್ಸಿಜನ್ ಸೆನ್ಸರ್ ಅದನ್ನು ಹಿಡಿಯುತ್ತದೆ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಹೆಚ್ಚಿಸುತ್ತದೆ, ಕೊನೆಗೆ ಮಿಶ್ರಣ ತೆಳು ಎಂದು ಹೇಳುವ ಪಿ0171 ಕೋಡ್ ಬೀಳುತ್ತದೆ. ಇಂಥ ಗಾಡಿಗಳಲ್ಲಿ ಫಿಲ್ಟರಿನಿಂದ ಥ್ರಾಟಲ್‌ಗೆ ಹೋಗುವ ದೊಡ್ಡ ರಬ್ಬರ್ ಪೈಪು ಹರಿದರೂ ಅದೇ ತೊಂದರೆ.

ಮಾರುತಿಯ ಆಲ್ಟೊ, ವ್ಯಾಗನ್ ಆರ್, ಇಂಜೆಕ್ಷನ್ ಓಮ್ನಿಯಂಥ ಸಣ್ಣ ಪೆಟ್ರೋಲ್ ಗಾಡಿಗಳು ಮೂರನೆಯ ಬಗೆ. ಇವುಗಳಲ್ಲಿ ಮ್ಯಾಪ್ ಸೆನ್ಸರ್ ಮ್ಯಾನಿಫೋಲ್ಡಿನ ಒಳಗಿನ ಒತ್ತಡವನ್ನು ಅಳೆಯುತ್ತದೆ. ಲೀಕ್ ಆದಾಗ ಒಳಒತ್ತಡ ಏರುತ್ತದೆ, ಇಂಜಿನ್ ಹೆಚ್ಚು ಗಾಳಿ ಸೇದುತ್ತಿದೆ ಎಂದು ತಿಳಿದು ಇಸಿಯು ಪೆಟ್ರೋಲನ್ನೂ ಹೆಚ್ಚು ಬಿಡುತ್ತದೆ. ಮಿಶ್ರಣ ತೆಳುವಾಗುವ ಬದಲು ಐಡ್ಲಿಂಗ್ ಏರುತ್ತದೆ. ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡಿದೆ ಎಂಬ ಓದು) ಸೊನ್ನೆಯ ಹತ್ತಿರವೇ ಇದ್ದರೂ ಲೀಕ್ ಇರಬಹುದು. ಟ್ರಿಮ್ ಸರಿಯಿದೆ, ಲೀಕ್ ಇಲ್ಲ ಎಂದು ಇಲ್ಲಿ ತೀರ್ಮಾನಿಸಬಾರದು. ಐಡ್ಲಿಂಗ್ ಹೆಚ್ಚು ಎಂದು ಹೇಳುವ ಪಿ0507 ಕೋಡ್ ಈ ಗಾಡಿಗಳಲ್ಲಿ ಹೆಚ್ಚು ನಂಬಬಹುದಾದ ಸುಳಿವು. ಲೀಕ್ ಒಂದೇ ಸಿಲಿಂಡರಿನ ಬಾಯಿಗೆ ಅಂಟಿಕೊಂಡಿದ್ದರೆ, ಅಂದರೆ ಮ್ಯಾನಿಫೋಲ್ಡ್ ಪ್ಯಾಕಿಂಗ್ ಅಥವಾ ಇಂಜೆಕ್ಟರ್ ಓ-ರಿಂಗ್ ಹೋಗಿದ್ದರೆ, ಆ ಸಿಲಿಂಡರ್ ಮಾತ್ರ ಮಿಸ್ಸಿಂಗ್ ಹೊಡೆಯುತ್ತದೆ.

ಮಡಿಕೇರಿಯಲ್ಲಿ ಗೇಜ್ ಓದುವುದು

ಮ್ಯಾನಿಫೋಲ್ಡಿನ ಸೆಳೆತ ಅಳೆಯುವ ವ್ಯಾಕ್ಯೂಮ್ ಗೇಜಿನ ಜೊತೆ ಬರುವ ಚೀಟಿಯಲ್ಲಿ ‘17ರಿಂದ 21 ಇಂಚು ಪಾದರಸ ಇದ್ದರೆ ಇಂಜಿನ್ ಆರೋಗ್ಯವಾಗಿದೆ’ ಎಂದಿರುತ್ತದೆ. ಅದು ಸಮುದ್ರಮಟ್ಟದ ಮಾತು, ಮಂಗಳೂರಿಗೆ ಒಪ್ಪುತ್ತದೆ. ಪ್ರತಿ 1,000 ಅಡಿ, ಅಂದರೆ ಸುಮಾರು 300 ಮೀಟರ್ ಏರಿದರೆ ಗೇಜಿನ ಓದು ಸುಮಾರು ಒಂದು ಇಂಚು ಇಳಿಯುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಒಳ್ಳೆಯ ಇಂಜಿನ್ ತೋರಿಸುವುದೇ 13ರಿಂದ 17 ಇಂಚು. ಕುಶಾಲನಗರದಲ್ಲಿ ಅದು 14ರಿಂದ 18ರ ಸುತ್ತ. ಈ ಲೆಕ್ಕ ಬಿಟ್ಟು 15 ಇಂಚು ಕಂಡೊಡನೆ ಮ್ಯಾನಿಫೋಲ್ಡ್ ಬಿಚ್ಚುವುದು ಶುದ್ಧ ದಂಡ.

ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಇದ್ದರೆ ಇನ್ನೂ ನಿಖರವಾದ ದಾರಿಯಿದೆ. ಮ್ಯಾಪ್ ಸೆನ್ಸರ್ ಇರುವ ಗಾಡಿಯಲ್ಲಿ ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಮ್ಯಾನಿಫೋಲ್ಡ್ ಒತ್ತಡ ನೋಡಿ. ಅದು ಹೊರಗಿನ ಗಾಳಿಯ ಒತ್ತಡವೇ ಆಗಿರಬೇಕು: ಮಡಿಕೇರಿಯಲ್ಲಿ ಸುಮಾರು 88 ಕಿಲೊಪಾಸ್ಕಲ್, ಕುಶಾಲನಗರದಲ್ಲಿ 91ರಿಂದ 92, ಮಂಗಳೂರಿನಲ್ಲಿ 100ರ ಮೇಲೆ. ಇದೇ ತಪ್ಪಾಗಿದ್ದರೆ ಮೊದಲು ಸೆನ್ಸರನ್ನು, ಅದರ ವೈರನ್ನು ನೋಡಿ. ನಂತರ ಇಂಜಿನ್ ಪೂರ್ತಿ ಬಿಸಿ ಮಾಡಿ, ಎಸಿ, ಹೆಡ್‌ಲೈಟ್ ಆಫ್ ಮಾಡಿ ಓದಿ. ಸಾಧಾರಣವಾಗಿ 30ರಿಂದ 40 ಕಿಲೊಪಾಸ್ಕಲ್ ಇರುತ್ತದೆ. ಈ ಸಂಖ್ಯೆ ಎತ್ತರಕ್ಕೆ ತಕ್ಕಂತೆ ಅಷ್ಟಾಗಿ ಬದಲಾಗುವುದಿಲ್ಲ, ಏಕೆಂದರೆ ಗೇಜ್ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ, ಸೆನ್ಸರ್ ತೋರಿಸುವುದು ಒಳಗಿನ ನಿಜವಾದ ಒತ್ತಡ. ಹಾಗಾಗಿ ಕೊಡಗಿನಲ್ಲಿ ಸೆನ್ಸರಿನ ಓದೇ ಹೆಚ್ಚು ಭರವಸೆಯದು. ಅದು 50 ದಾಟಿದ್ದರೆ ಲೀಕ್ ಹುಡುಕಲು ಇಳಿಯಬಹುದು. ಟೈಮಿಂಗ್ ಹಲ್ಲು ಜಾರಿದ್ದರೂ, ವಾಲ್ವ್ ಸರಿಯಾಗಿ ಕೂರದಿದ್ದರೂ ಒತ್ತಡ ಏರುತ್ತದೆ. ಆದರೆ ಆಗ ಗಾಡಿ ಏರಿನಲ್ಲೂ ಸೋಲುತ್ತದೆ.

ಮ್ಯಾಫ್ ಗಾಡಿಯಲ್ಲಿ ಲಾಂಗ್ ಟರ್ಮ್ ಮತ್ತು ಶಾರ್ಟ್ ಟರ್ಮ್ ಟ್ರಿಮ್ ಎರಡನ್ನೂ ಕೂಡಿಸಿ ನೋಡಿ. ಐಡ್ಲಿಂಗ್‌ನಲ್ಲಿ ಶೇಕಡಾ ಪ್ಲಸ್ 15ರಿಂದ 25 ಇದ್ದು, 2,500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದಾಗ 5ರ ಒಳಗೆ ಇಳಿದರೆ ಅದು ವ್ಯಾಕ್ಯೂಮ್ ಲೀಕ್‌ನ ಗುರುತು. ಎರಡರಲ್ಲೂ ಹೆಚ್ಚೇ ಇದ್ದರೆ ಪೆಟ್ರೋಲ್ ಒತ್ತಡ ಅಥವಾ ಕೊಳಕಾದ ಮ್ಯಾಫ್ ಸೆನ್ಸರ್.

ಕಾರ್ಬೊರೇಟರ್ ಗಾಡಿಯವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಎತ್ತರದಲ್ಲಿ ಗಾಳಿ ತೆಳು, ಕಾರ್ಬೊರೇಟರಿನ ಜೆಟ್ ಅದೇ. ಹಾಗಾಗಿ ಮೇಲೆ ಮಿಶ್ರಣ ದಪ್ಪವಾಗುತ್ತದೆ. ಸಣ್ಣ ಲೀಕ್ ಈ ದಪ್ಪದಲ್ಲಿ ಅಡಗಿಬಿಡುತ್ತದೆ. ಮಡಿಕೇರಿಯಲ್ಲಿ ಸರಿಯಾಗಿದ್ದು ಸಂಪಾಜೆ ಘಾಟಿ ಇಳಿದು ಸುಳ್ಯ ತಲುಪಿದಾಗ ಐಡ್ಲಿಂಗ್ ಕೆಡುವ ಗಾಡಿಯಲ್ಲಿ ಸ್ಕ್ರೂ ತಿರುಗಿಸುವ ಮೊದಲು ಕಾರ್ಬೊರೇಟರಿನ ಬುಡ ನೋಡಿ.

ಕೆಲಸಕ್ಕೆ ಇಳಿಯುವ ಮೊದಲು

ಮಳೆ ಎಂದು ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಗಾಡಿಯನ್ನು ಸಮನೆಲದಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಮರದ ತುಂಡು ಕೊಡಿ. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಾನಾಗಿ ತಿರುಗಬಹುದು. ಸಡಿಲ ತೋಳು, ಶಾಲು, ಕುತ್ತಿಗೆಯ ಸರ ಬೇಡ.

ಬೇಕಾದದ್ದು ಇಷ್ಟು: ಟಾರ್ಚ್, ಸಣ್ಣ ಕನ್ನಡಿ, ನೋಸ್ ಪ್ಲೈಯರ್, ಸ್ಕ್ರೂಡ್ರೈವರ್, ತೋಟಕ್ಕೆ ನೀರು ಬಿಡುವ ಅರ್ಧ ಇಂಚಿನ ಪೈಪಿನ ಒಂದು ಮೀಟರ್ ತುಂಡು, ಸೋಪಿನ ನೀರು ತುಂಬಿದ ಸ್ಪ್ರೇ ಬಾಟಲಿ, ಪೈಪಿನ ಬಾಯಿ ಮುಚ್ಚಲು ಬೇರೆ ಬೇರೆ ದಪ್ಪದ ಬೋಲ್ಟುಗಳು. ಗೇಜ್ ಅಥವಾ ಸ್ಕ್ಯಾನರ್ ಇದ್ದರೆ ಒಳ್ಳೆಯದು.

ಹುಡುಕುವ ಕ್ರಮ

1. ಇಂಜಿನ್ ತಣ್ಣಗಿರುವಾಗ ಕಣ್ಣು ಮತ್ತು ಬೆರಳು. ಥ್ರಾಟಲ್ ಬಾಡಿಯಿಂದ ಶುರು ಮಾಡಿ ಮ್ಯಾನಿಫೋಲ್ಡಿಗೆ ಸೇರುವ ಪ್ರತಿಯೊಂದು ಪೈಪನ್ನೂ ಕೊನೆಯವರೆಗೆ ಹಿಂಬಾಲಿಸಿ. ಬಿರುಕು ಬೀಳುವುದು ಸಾಮಾನ್ಯವಾಗಿ ಬಾಗುವ ಕಡೆ, ಅದೂ ಕಾಣದ ಕೆಳಮೈಯಲ್ಲಿ. ಆದ್ದರಿಂದ ಬೆರಳು ಸುತ್ತ ಆಡಿಸಿ, ಪೈಪನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಉಗುರು ಒತ್ತಿದರೆ ತಗ್ಗದಷ್ಟು ಗಟ್ಟಿಯಾದ ರಬ್ಬರ್, ಅಂಟಂಟಾಗಿ ಉಬ್ಬಿದ ರಬ್ಬರ್ ಎರಡನ್ನೂ ಬದಲಾಯಿಸಬೇಕು. ತೋಟದ ಒಳದಾರಿಗಳಲ್ಲಿ ಒಂದನೇ, ಎರಡನೇ ಗೇರಿನಲ್ಲೇ ತೆವಳುವ ಗಾಡಿಗಳ ಬಾನೆಟ್ಟಿನೊಳಗೆ ಗಾಳಿ ಹರಿಯದೆ ಶಾಖ ನಿಲ್ಲುತ್ತದೆ, ರಬ್ಬರ್ ಬೇಗ ಗಟ್ಟಿಯಾಗುತ್ತದೆ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಗೆ ಇಲಿ ಕಾಟ ಬೇರೆ. ಬ್ಯಾಟರಿ ತಟ್ಟೆಯ ಬಳಿ ಹಿಕ್ಕೆ, ಹುಲ್ಲು, ರಬ್ಬರ್ ಚೂರು ಕಂಡರೆ ಪೈಪಿನ ಜೊತೆ ವೈರುಗಳನ್ನೂ ಪರೀಕ್ಷಿಸಿ. ತುಕ್ಕು ಹಿಡಿದು ಬಿಗಿ ಕಳೆದುಕೊಂಡ ಸ್ಪ್ರಿಂಗ್ ಕ್ಲಿಪ್ಪುಗಳನ್ನೂ ಬಿಡಬೇಡಿ.

2. ಕಿವಿ. ಸ್ಟಾರ್ಟ್ ಮಾಡಿ, ಪೈಪಿನ ತುಂಡಿನ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಸಂದು ಸಂದಿಗೆ ಒಯ್ಯಿರಿ. ಸದ್ದು ಒಮ್ಮೆಲೇ ಜೋರಾಗುವ ಜಾಗದಲ್ಲಿ ಲೀಕ್ ಇದೆ. ಬೆಲ್ಟ್, ಫ್ಯಾನ್ ಕಡೆಗೆ ಪೈಪು ಹೋಗದಂತೆ ನೋಡಿಕೊಳ್ಳಿ.

3. ಒಂದೊಂದೇ ದಾರಿ ಮುಚ್ಚುವುದು. ಈ ಹಂತವನ್ನು ಯಾರೂ ಬಿಡಬಾರದು. ಪೈಸೆ ಖರ್ಚಿಲ್ಲ, ಉತ್ತರ ಖಚಿತ. ಮ್ಯಾನಿಫೋಲ್ಡಿನಿಂದ ಹೊರಡುವ ಒಂದು ಪೈಪನ್ನು ಕಳಚಿ, ಮ್ಯಾನಿಫೋಲ್ಡಿನ ಕಡೆಯ ಬಾಯಿಯನ್ನು ಕೂಡಲೇ ಮುಚ್ಚಿ. ಐಡ್ಲಿಂಗ್ ಇಳಿದು ಸ್ಥಿರವಾದರೆ ಲೀಕ್ ಇರುವುದು ಆ ಪೈಪಿನ ಆಚೆ ತುದಿಯ ಯಾವುದೋ ಭಾಗದಲ್ಲಿ. ಬದಲಾವಣೆ ಕಾಣದಿದ್ದರೆ ಮತ್ತೆ ಜೋಡಿಸಿ ಮುಂದಿನದಕ್ಕೆ ಹೋಗಿ. ಇಸಿಯು ಕೆಲವೇ ಕ್ಷಣಗಳಲ್ಲಿ ಐಡ್ಲಿಂಗನ್ನು ಸರಿದೂಗಿಸುತ್ತದೆ, ಹಾಗಾಗಿ ಮೊದಲ ಎರಡು ಮೂರು ಸೆಕೆಂಡನ್ನೇ ಗಮನಿಸಿ. ಪ್ಲೈಯರಿನಿಂದ ಪೈಪನ್ನು ಹಿಚುಕಿ ನೋಡುವವರಿದ್ದಾರೆ. ಹೊಸ ರಬ್ಬರಿಗೆ ಅದು ಸರಿ, ಹಳೆಯದು ಹಿಚುಕಿದಲ್ಲೇ ಸೀಳುತ್ತದೆ.

ಪಿಸಿವಿ ವಾಲ್ವನ್ನು ಕಳಚಿ ಅಲ್ಲಾಡಿಸಿದರೆ ಹೆಚ್ಚಿನ ಗಾಡಿಗಳಲ್ಲಿ ಒಳಗೆ ಕಟಕಟ ಎನ್ನಬೇಕು. ಐಡ್ಲಿಂಗ್‌ನಲ್ಲಿ ಅದರ ಬಾಯಿಗೆ ಬೆರಳಿಟ್ಟರೆ ಸೆಳೆತ ತಿಳಿಯಬೇಕು. ಪರ್ಜ್ ವಾಲ್ವಿಗೆ ಕ್ಯಾನಿಸ್ಟರಿನಿಂದ (ಪೆಟ್ರೋಲ್ ಆವಿ ಹಿಡಿದಿಡುವ ಡಬ್ಬ) ಬರುವ ಪೈಪನ್ನು ತಣ್ಣಗಿನ ಇಂಜಿನ್ ಐಡ್ಲಿಂಗ್‌ನಲ್ಲಿ ಓಡುವಾಗ ತೆಗೆದು ವಾಲ್ವಿನ ಬಾಯಿ ಮುಟ್ಟಿ. ಅಲ್ಲಿ ಸೆಳೆತ ಇರಬಾರದು. ಇದ್ದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ. ಟ್ಯಾಂಕ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಗಳಲ್ಲಿ ಇದು ಹೆಚ್ಚು.

4. ಸೋಪಿನ ನೀರು. ಮ್ಯಾನಿಫೋಲ್ಡ್ ಮತ್ತು ಹೆಡ್ ಕೂಡುವ ಗೆರೆ, ಥ್ರಾಟಲ್ ಬಾಡಿಯ ಬುಡ, ಇಂಜೆಕ್ಟರುಗಳ ಬುಡ ಪೈಪು ತೆಗೆದು ನೋಡುವ ಜಾಗಗಳಲ್ಲ. ಅಲ್ಲಿಗೆ ತೆಳುವಾಗಿ ಸಿಂಪಡಿಸಿ. ನೀರು ಬಿರುಕನ್ನು ಕ್ಷಣಕಾಲ ಮುಚ್ಚುತ್ತದೆ, ಐಡ್ಲಿಂಗ್ ಬದಲಾಗುತ್ತದೆ, ನೊರೆ ಒಳಕ್ಕೆ ಎಳೆದುಕೊಳ್ಳುವುದೂ ಕಾಣುತ್ತದೆ. ಡಿಸ್ಟ್ರಿಬ್ಯೂಟರ್, ಕಾಯಿಲ್, ವೈರ್ ಸಾಕೆಟ್ಟುಗಳ ಮೇಲೆ ನೀರು ಬೀಳಬಾರದು. ಬಿದ್ದರೆ ಅದರಿಂದಲೇ ಮಿಸ್ಸಿಂಗ್ ಬಂದು ತಪ್ಪು ಜಾಗವನ್ನು ದೂರುವಂತಾಗುತ್ತದೆ.

ಕಾರ್ಬ್ ಕ್ಲೀನರ್ ಸ್ಪ್ರೇ ಇನ್ನೂ ಚುರುಕಾಗಿ ಉತ್ತರ ಕೊಡುತ್ತದೆ, ನಿಜ. ಆದರೆ ಅದು ಪೆಟ್ರೋಲಿನಷ್ಟೇ ಬೆಂಕಿಗೆ ಹತ್ತಿರ. ಹಲವು ಇಂಜಿನ್‌ಗಳಲ್ಲಿ ಇನ್‌ಟೇಕಿನ ಕೆಳಗೇ ಕೆಂಡದಂಥ ಎಕ್ಸಾಸ್ಟ್ ಇರುತ್ತದೆ. ಬಳಸಲೇಬೇಕಾದರೆ ಇಂಜಿನ್ ಆಗಷ್ಟೇ ಸ್ಟಾರ್ಟ್ ಆಗಿ ಎಕ್ಸಾಸ್ಟ್ ಕಾಯುವ ಮೊದಲು, ನಳಿಕೆ ಹಾಕಿ, ಅರ್ಧ ಸೆಕೆಂಡಿನಷ್ಟೇ ಒತ್ತಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಊದುಬತ್ತಿ, ಬೀಡಿಯ ಹೊಗೆ ಹಿಡಿದು ನೋಡುವುದು ಬೇಡವೇ ಬೇಡ.

5. ಹೊಗೆ ಪರೀಕ್ಷೆ. ಇಷ್ಟಕ್ಕೂ ಸಿಗದ ಲೀಕ್‌ಗೆ ಸ್ಮೋಕ್ ಮೆಷಿನ್ ಇರುವ ಗ್ಯಾರೇಜೇ ಸರಿ. ಇಂಜಿನ್ ಆಫ್ ಮಾಡಿ, ಇನ್‌ಟೇಕ್ ಬಾಯಿ ಮುಚ್ಚಿ, ಮಿನರಲ್ ಆಯಿಲ್ ಹೊಗೆಯನ್ನು 1 ಪಿಎಸ್‌ಐಗಿಂತ ಕಡಿಮೆ ಒತ್ತಡದಲ್ಲಿ ತುಂಬಿಸುತ್ತಾರೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ನೇರವಾಗಿ ಬಿಟ್ಟರೆ ಆಯಿಲ್ ಸೀಲ್‌ಗಳು ಹೊರಬರುತ್ತವೆ. ಡಿಸೆಂಬರ್, ಜನವರಿಯ ಚಳಿಯ ಬೆಳಿಗ್ಗೆ ಮಾತ್ರ ಕಾಣಿಸಿಕೊಂಡು ಬಿಸಿಯಾದ ಮೇಲೆ ಮಾಯವಾಗುವ ಲೀಕ್ ಇದ್ದರೆ ಗಾಡಿಯನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು, ತಣ್ಣಗಿರುವಾಗಲೇ ಹೊಗೆ ಹಾಕಿಸಿ. ಓಡಿಸಿಕೊಂಡು ಹೋದರೆ ಅಷ್ಟರಲ್ಲಿ ರಬ್ಬರ್, ಲೋಹ ಹಿಗ್ಗಿ ಸಂದು ಮುಚ್ಚಿರುತ್ತದೆ.

ಸರಿಪಡಿಸುವುದು

ತುದಿಯಲ್ಲಿ ಮಾತ್ರ ಸೀಳಿದ ಪೈಪು ಸಾಕಷ್ಟು ಉದ್ದವಿದ್ದರೆ 10ರಿಂದ 15 ಮಿ.ಮೀ. ನೇರವಾಗಿ ಕತ್ತರಿಸಿ ಮತ್ತೆ ತೊಡಿಸಬಹುದು. ನಡುವೆ ಬಿರುಕಿದ್ದರೆ ಪೂರ್ತಿ ಬದಲಿಸಿ. ಟೇಪ್, ಎಂ-ಸೀಲ್, ಸೈಕಲ್ ಟ್ಯೂಬ್ ಸುತ್ತಿದ್ದು ಮನೆ ಮುಟ್ಟುವವರೆಗೆ ಸಾಕು, ಅದಕ್ಕಿಂತ ಹೆಚ್ಚಿಗೆ ನಂಬಬೇಡಿ: ಎಣ್ಣೆಯ ಆವಿಗೆ ಅಂಟು ಬಿಡುತ್ತದೆ. ಹೊಸ ಪೈಪಿನ ಒಳವ್ಯಾಸ ಹಳೆಯದರದೇ ಇರಲಿ, ಗೋಡೆ ದಪ್ಪವಿರಲಿ. ತೆಳು ಪ್ಲಾಸ್ಟಿಕ್ ಟ್ಯೂಬ್ ಶಾಖಕ್ಕೆ ಮೆದುವಾಗಿ ಸೆಳೆತಕ್ಕೆ ಚಪ್ಪಟೆಯಾಗುತ್ತದೆ. ಪಿಸಿವಿ ಪೈಪಿಗೆ ಬಣ್ಣಬಣ್ಣದ ಸಿಲಿಕೋನ್ ಬೇಡ, ಎಣ್ಣೆ ತಾಗಿ ಉಬ್ಬುತ್ತದೆ; ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಕೇಳಿ.

ಇಂಜೆಕ್ಟರ್ ಓ-ರಿಂಗ್ ಬದಲಿಸುವ ಮೊದಲು ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದು, ಇಂಜಿನ್ ಓಡಿ ತಾನೇ ನಿಲ್ಲಲಿ. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ (ಫ್ಯುಯೆಲ್ ರೈಲ್) ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ಹೊಸ ರಿಂಗಿಗೆ ಒಂದು ಹನಿ ಶುದ್ಧ ಇಂಜಿನ್ ಆಯಿಲ್ ಸವರಿ ನೇರವಾಗಿ ಒತ್ತಿ ಕೂರಿಸಿ. ಒಣದಾಗಿ ತಳ್ಳಿದರೆ ರಿಂಗ್ ಹೊರಳಿ ಸೀಳುತ್ತದೆ, ಪೆಟ್ರೋಲ್ ಹೊರಗೆ ಸೋರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಕೀ ಆನ್ ಮಾಡಿ ಸೋರಿಕೆ ನೋಡಲೇಬೇಕು.

ಮ್ಯಾನಿಫೋಲ್ಡ್ ಪ್ಯಾಕಿಂಗಿನ ಅನುಮಾನವಿದ್ದರೆ ಮೊದಲು ಬೋಲ್ಟ್ ಸಡಿಲವೇ ನೋಡಿ, ಇಂಜಿನ್ ತಣ್ಣಗಿರುವಾಗ. ಬಿಚ್ಚಿದ ಕೂಡಲೇ ಹೆಡ್ಡಿನ ತೂತುಗಳಿಗೆ ಶುದ್ಧ ಬಟ್ಟೆ ತುರುಕಿ, ಒಳಗೆ ಬಿದ್ದ ಒಂದು ವಾಷರ್ ಸಾಕು ಇಂಜಿನ್ ಹಾಳಾಗಲು. ಹಳೆಯ ಪ್ಯಾಕಿಂಗನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಅಲ್ಯೂಮಿನಿಯಂ ಮೇಲೆ ಉಕ್ಕಿನ ಚಾಕು ಎಳೆದ ಗೀರೇ ಮುಂದಿನ ಲೀಕ್ ಆಗುತ್ತದೆ. ನೇರವಾದ ಉಕ್ಕಿನ ಪಟ್ಟಿಯನ್ನು ಮುಖದ ಮೇಲಿಟ್ಟು ಫೀಲರ್ ಗೇಜ್ ಆಡಿಸಿ, 0.10 ಮಿ.ಮೀ. ಎಲೆ ನುಸುಳಿದರೆ ಮುಖ ಡೊಂಕಾಗಿದೆ, ಹೊಸ ಪ್ಯಾಕಿಂಗ್ ಹಾಕಿದರೂ ನಿಲ್ಲುವುದಿಲ್ಲ, ಲೇತ್ ವರ್ಕ್‌ಶಾಪಿನಲ್ಲಿ ಮಟ್ಟ ಮಾಡಿಸಬೇಕು. ಜೋಡಿಸುವಾಗ ನಡುವಿನ ಬೋಲ್ಟಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಸಣ್ಣ ಕಾರುಗಳ 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 20 ನ್ಯೂಟನ್-ಮೀಟರ್ ಆಸುಪಾಸಿನ ಬಿಗಿ ಇರುತ್ತದೆ; ನಿಮ್ಮ ಗಾಡಿಯ ಮ್ಯಾನುಯಲ್ ಹೇಳಿದ್ದೇ ಕೊನೆಯ ಮಾತು. ಪ್ಯಾಕಿಂಗಿನ ಬದಲು ಸೀಲಂಟ್ ಮೆತ್ತುವುದು ಬೇಡ, ಒಳಕ್ಕೆ ಹಿಂಡಿದ್ದು ಕಿತ್ತು ವಾಲ್ವಿನ ಕಡೆಗೆ ಹೋಗುತ್ತದೆ. ಕಾರ್ಬೊರೇಟರ್ ಗಾಡಿಯಲ್ಲಿ ಬುಡದ ಇನ್ಸುಲೇಟರ್ ಬ್ಲಾಕ್ ಬಿರುಕು ಬಿಟ್ಟಿದೆಯೇ ಎಂದೂ ಇದೇ ಹೊತ್ತಿಗೆ ನೋಡಿ.

ಬ್ರೇಕ್ ಬೂಸ್ಟರ್: ಇದನ್ನು ನಾಳೆಗೆ ಇಡಬೇಡಿ

ಬೂಸ್ಟರ್ ಪೈಪಿನ ಲೀಕ್ ಐಡ್ಲಿಂಗಿಗೆ ತೊಂದರೆ ಕೊಡುವುದು ಮಾತ್ರವಲ್ಲ, ಬ್ರೇಕಿನ ಬಲವನ್ನೂ ತಿನ್ನುತ್ತದೆ. ಎತ್ತರದಲ್ಲಿ ಹೊರಗಿನ ಒತ್ತಡ ಕಡಿಮೆ ಇರುವುದರಿಂದ ಬೂಸ್ಟರಿಗೆ ಸಿಗುವ ನೆರವು ಮೊದಲೇ ಸ್ವಲ್ಪ ತಗ್ಗಿರುತ್ತದೆ. ಸಂಪಾಜೆಗೋ ಮಾಕುಟ್ಟಕ್ಕೋ ಇಳಿಯುವ ಗಾಡಿಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ಇಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಕೊನೆಯ ಸಲ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ಸೆಳೆತ ತಲುಪುತ್ತಿಲ್ಲ. ನಂತರ ಒಂದೆರಡು ನಿಮಿಷ ಓಡಿಸಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಒತ್ತಿ. ಮೊದಲ ಒತ್ತು ಮೆದುವಾಗಿದ್ದು ಆಮೇಲಿನವು ಗಟ್ಟಿಯಾಗುತ್ತ ಬಂದರೆ ಸರಿ. ಮೊದಲನೆಯದೇ ಕಲ್ಲಿನಂತಿದ್ದರೆ ಒನ್ ವೇ ವಾಲ್ವ್ ಅಥವಾ ಪೈಪು ಹಿಡಿದಿಡುತ್ತಿಲ್ಲ. ವಾಲ್ವನ್ನು ಬಿಚ್ಚಿ ಊದಿ ನೋಡಿ: ಗಾಳಿ ಬೂಸ್ಟರಿನಿಂದ ಮ್ಯಾನಿಫೋಲ್ಡ್ ಕಡೆಗೆ ಮಾತ್ರ ಹೋಗಬೇಕು. ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಕಾಲ ಬಳಿ ‘ಸುಸ್’ ಎನ್ನುತ್ತ ಐಡ್ಲಿಂಗ್ ಬದಲಾದರೆ ಒಳಗಿನ ಡಯಾಫ್ರಂ ಹರಿದಿದೆ. ಬೂಸ್ಟರನ್ನೇ ಬದಲಿಸಬೇಕು, ಅಲ್ಲಿಯವರೆಗೆ ಘಾಟಿ ಇಳಿಯಬೇಡಿ. ಪೈಪು ಕಂಪನಿಯದೇ ಆಗಿರಲಿ, ಇಲ್ಲಿ ಉಳಿತಾಯ ಸಲ್ಲ.

ಡೀಸೆಲ್ ಜೀಪು, ಬೊಲೆರೊಗಳಲ್ಲಿ ಸೆಳೆತ ಬರುವುದು ಬೇರೆಯೇ ಒಂದು ವ್ಯಾಕ್ಯೂಮ್ ಪಂಪಿನಿಂದ. ಅಲ್ಲಿ ಲೀಕ್ ಆದರೆ ಐಡ್ಲಿಂಗ್ ಕೆಡದೆ ಬ್ರೇಕ್ ಗಟ್ಟಿಯಾಗುತ್ತದೆ. ವ್ಯಾಕ್ಯೂಮಿನಿಂದ ನಡೆಯುವ ಟರ್ಬೊ ಇದ್ದರೆ ಪಿಕಪ್ ಬೀಳುತ್ತದೆ. ಪಂಪಿನ ಬಾಯಿಗೇ ಗೇಜ್ ಕೊಟ್ಟು ನೋಡಿ, ಆಮೇಲೆ ಪೈಪುಗಳಿಗೆ ಬನ್ನಿ.

ಕೆಲಸ ಮುಗಿದ ಮೇಲೆ

ಸ್ಕ್ಯಾನರಿನಿಂದ ಕೋಡ್ ಅಳಿಸಿ. ಲೀಕ್ ಇದ್ದ ಕಾಲದಲ್ಲಿ ಇಸಿಯು ಕಲಿತ ಲೆಕ್ಕ ಉಳಿದಿದ್ದರೆ ಹೊಸ ಪೈಪು ಹಾಕಿದ ದಿನವೇ ಐಡ್ಲಿಂಗ್ ತೀರಾ ಇಳಿದು ಗಾಡಿ ಆಫ್ ಆಗಬಹುದು. ಅದನ್ನು ಹೊಸ ದೋಷ ಎಂದು ತಿಳಿಯಬೇಡಿ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಗಾಡಿಗೆ ಸ್ಕ್ಯಾನರಿನಲ್ಲಿ ಐಡಲ್ ರೀಲರ್ನ್ (ಐಡ್ಲಿಂಗ್ ಲೆಕ್ಕವನ್ನು ಹೊಸದಾಗಿ ಕಲಿಸುವುದು) ಮಾಡಿಸಿ, ತಟ್ಟೆಯನ್ನು ಕೀ ಆನ್ ಇರುವಾಗ ಬೆರಳಿನಿಂದ ತಳ್ಳಬೇಡಿ. ಹಳೆಯ ಇಂಜೆಕ್ಷನ್ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ಕಳಚಿ ಹದಿನೈದು ನಿಮಿಷ ಬಿಟ್ಟು ಜೋಡಿಸಿ, ಇಂಜಿನ್ ಫ್ಯಾನ್ ತಿರುಗುವಷ್ಟು ಕಾಯುವವರೆಗೆ ಆಕ್ಸಿಲರೇಟರ್ ಮುಟ್ಟದೆ ಓಡಲು ಬಿಡುವುದು ವಾಡಿಕೆ. ಲೀಕ್ ಇದ್ದಾಗ ಯಾರಾದರೂ ಐಡ್ಲಿಂಗ್ ಸ್ಕ್ರೂ ತಿರುಗಿಸಿದ್ದರೆ ಅದನ್ನು ಮತ್ತೆ ಹದಕ್ಕೆ ತರಬೇಕು.

ನಂತರ ಅದೇ ಜಾಗದಲ್ಲಿ, ಅದೇ ಬಿಸಿಯಲ್ಲಿ ಮೊದಲಿನ ಓದನ್ನೇ ಮತ್ತೆ ತೆಗೆಯಿರಿ. ಕುಶಾಲನಗರದ ಗ್ಯಾರೇಜಿನಲ್ಲಿ ಬರೆದಿಟ್ಟ ಗೇಜಿನ ಓದನ್ನು ಮಡಿಕೇರಿಯ ಮನೆಯಂಗಳದ ಓದಿನ ಜೊತೆ ಹೋಲಿಸಿದರೆ ಒಂದು ಇಂಚು ಸುಮ್ಮನೆ ಕಾಣೆಯಾಗಿರುತ್ತದೆ.